ಬೂದೆವ್ವನ ಬಾಂಡ್ಲಿ

ಬಹಳ ಹಿಂದೆ, ಕಾಡಿಗೂ ಊರಿಗೂ ಇನ್ನೂ ಬೇಲಿ ಬಿದ್ದಿರದ ಕಾಲದಲ್ಲಿ, ಹುಲಿಗೊಬ್ಬಳು ತಂಗಿ ಇದ್ದಳಂತೆ. ಮೈ ಸಣ್ಣದು, ಹಟ ದೊಡ್ಡದು. ಅಣ್ಣ ಹೋದಹೋದಲ್ಲೆಲ್ಲ ಗಿಡಕ್ಕೆ, ಕಲ್ಲಿಗೆ, ಹುತ್ತಕ್ಕೆ ತನ್ನ ವಾಸನೆ ಬಿಟ್ಟು ಇದೂ ನನ್ನದು, ಅದೂ ನನ್ನದು ಅನ್ನುತ್ತಿದ್ದ. ತಂಗಿಗೆ ಕಾಲೂರಲು ಜಾಗ ಉಳಿಯಲಿಲ್ಲ. ಚಳಿ ಕೊರೆಯುವ ಒಂದು ಸಂಜೆ ಅವಳು ಕಾಡು ಬಿಟ್ಟು ಊರಿಗೆ ಬಂದು, ಯಾರದೋ ಮನೆಯ ಒಲೆಯ ಮುಂದೆ ಕೂತು, "ಒಲೆಯವ್ವ, ನಿನ್ನ ಬೂದಿ ಬೆಚ್ಚಗೈತಿ, ನಾನಿಲ್ಲಿ ಮಲಗಲೇನು?" ಅಂತ ಕೇಳಿದಳಂತೆ. ಒಲೆಯವ್ವ ಅಂದಳು: "ಮಲಗು. ಆದ್ರ ನಿಮ್ಮಣ್ಣನಂಗ ವಾಸನಿ ಬಿಟ್ಟು ಈ ಮನಿ ನಂದು ಅನ್ನಬಾರದು. ನಿನ್ನ ಹೊಲಸು ನೀನ ಮುಚ್ಚಬೇಕು. ಮುಚ್ಚಾಕ ಬೂದಿ ನಾನು ಕೊಡ್ತೀನಿ." ಅಂದಿನಿಂದ ಬೆಕ್ಕಿನ ಕುಲವೆಲ್ಲ ಆ ಮಾತಿಗೆ ಕಟ್ಟುಬಿದ್ದು ಬಂದಿದೆ. ಒಲೆಯ ಕಡೆಯವರು ತಮ್ಮ ಮಾತನ್ನು ಎಷ್ಟು ನಡೆಸಿದರು ಅನ್ನುವುದರ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.

ಈ ಕಥೆಯನ್ನು ಅಂಜಿನಕ್ಕ ತನ್ನ ಬೆಕ್ಕಿಗೆ ಎಷ್ಟೋ ಸಲ ಹೇಳಿದ್ದಳು. ಹೇಳಲು ಬೇರೆ ಯಾರೂ ಇರಲಿಲ್ಲ. ಕಥೆ ಕೊಟ್ಟ ಅಜ್ಜಿ ತಂಬ್ರಹಳ್ಳಿಯಲ್ಲಿ ಯಾವತ್ತೋ ಮಣ್ಣು ಸೇರಿದ್ದಳು. ಗಂಡ ಅನ್ನಿಸಿಕೊಂಡವನು ಹಡಗಲಿ ಕಡೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿರಲಿಲ್ಲ. ಅಂಜಿನಕ್ಕ ಒಂದು ಗಂಟು, ಒಂದು ಜೋಳದ ಗುಡಾಣ ತೆಗೆದುಕೊಂಡು ಕೊಟ್ಟೂರಿಗೆ ಬಂದು, ಮಂಡಕ್ಕಿ ಭಟ್ಟಿಯಲ್ಲಿ ಉರಿ ಹಾಕುವ ಕೆಲಸ ಹಿಡಿದಳು. ಬಸಲಿಂಗಮ್ಮನವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮಣ್ಣಿನ ನೆಲ, ಮಣ್ಣಿನ ಮಾಳಿಗೆ, ಹೊಗೆ ಹೋಗಲು ಮೇಲೊಂದು ಗವಾಕ್ಷಿ. ಗೋಡೆಯ ಆಚೆ ಬಸಲಿಂಗಮ್ಮನವರ ಕತ್ತಲೆ ಕೋಣೆ; ಗೋಡೆಯ ಮೇಲ್ತುದಿಯಲ್ಲಿ ಎರಡೂ ಕೋಣೆಗೆ ಸೇರಿ ಅಂಗೈ ಅಗಲದ ಒಂದು ಬೆಳಕಿಂಡಿ. ಅದರಿಂದ ಬೆಳಕಿಗಿಂತ ಹೆಚ್ಚಾಗಿ ಮಾತು ಬರುತ್ತಿತ್ತು. ಆಚೆ ಯಾರಾದರೂ ನಕ್ಕರೆ ಅಂಜಿನಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಆ ಗವಾಕ್ಷಿಯಿಂದಲೇ ಒಂದು ಬೇಸಿಗೆಯಲ್ಲಿ ಬೂದಿ ಬಣ್ಣದ ಮರಿಯೊಂದು ಒಲೆಯ ಪಕ್ಕಕ್ಕೆ ಬಿದ್ದಿತು. ಬೂದೆವ್ವ ಅಂತ ಹೆಸರಾಯಿತು. ದೊಡ್ಡದಾಗುವ ಹೊತ್ತಿಗೆ ಬೀದಿಯ ನಾಯಿಗಳು ಅದರ ಮುಂಗಾಲು ಕಚ್ಚಿ, ಪಾದದ ಒಂದು ಕಡೆ ಮಾಯದ ಬಿರುಕು ಉಳಿಯಿತು. ಅಲ್ಲಿಂದ ಅದು ಹೊಸ್ತಿಲು ದಾಟಲಿಲ್ಲ. ಹಿತ್ತಲಿಗೆ ಬಿಡೋಣವೆಂದರೆ ಬಸಲಿಂಗಮ್ಮನವರ ಹಿತ್ತಲು ಪೂರಾ ಬಂಡೆಗಲ್ಲು ಹಾಸಿದ್ದು. ಕೆರೆಯಲು ಹಿಡಿ ಮಣ್ಣಿಲ್ಲ. ಹಾಗಾಗಿ ಅಂಜಿನಕ್ಕ ಭಟ್ಟಿಯಲ್ಲಿ ಅಂಚು ಮುರಿದು ಎಸೆದಿದ್ದ ಒಂದು ಕಬ್ಬಿಣದ ಬಾಂಡ್ಲಿ ತಂದು, ಬಾಗಿಲ ಹಿಂದೆ ಇಟ್ಟು, ಒಲೆಯ ಬೂದಿ ತುಂಬಿದಳು. ಬೆಳಿಗ್ಗೆ ಎದ್ದ ಕೂಡಲೇ ತೆಂಗಿನ ಚಿಪ್ಪಿನಿಂದ ಒದ್ದೆ ಉಂಡೆಗಳನ್ನು ಎತ್ತಿ ತಿಪ್ಪೆಗೆ ಹಾಕುವುದು, ಮೇಲೆ ಹೊಸ ಬೂದಿ ಸುರಿಯುವುದು, ಅಮಾವಾಸ್ಯೆಗೊಮ್ಮೆ ಬಾಂಡ್ಲಿ ತಿಕ್ಕಿ ಬಿಸಿಲಿಗೆ ಬೋರಲು ಹಾಕುವುದು. ವರ್ಷಗಟ್ಟಲೆ ಒಬ್ಬರೂ ಮೂಗು ಮುರಿಯಲಿಲ್ಲ.

ಆಮೇಲೆ ಸ್ಟವ್ ಬಂತು. ಕಟ್ಟಿಗೆ ಸಿಕ್ಕುವುದು ಕಷ್ಟವಾಗಿ, ಊರಲ್ಲಿ ಒಬ್ಬೊಬ್ಬರೇ ಸ್ಟವ್ ತರುತ್ತಿದ್ದ ಕಾಲ. ಅಂಜಿನಕ್ಕನೂ ಒಂದು ಬತ್ತಿ ಸ್ಟವ್ ತಂದು, ಸೊಸೈಟಿ ಮುಂದೆ ಸರದಿಯಲ್ಲಿ ನಿಂತು ಸೀಮೆಎಣ್ಣೆ ಹಿಡಿದಳು. ಒಬ್ಬಳ ಅಡುಗೆಗೆ ಅದು ಧಾರಾಳ. ಒಲೆ ತಣ್ಣಗಾಯಿತು, ಬೂದಿ ಮುಗಿಯಿತು. ಬಾಂಡ್ಲಿಗೆ ಏನು ಹಾಕುವುದು ಅಂತ ಯೋಚಿಸುವಾಗ ಕಣ್ಣಿಗೆ ಬಿದ್ದದ್ದು ಭಟ್ಟಿಯ ಹಿಂದಿನ ಉಸುಕಿನ ಗುಡ್ಡೆ. ಮಂಡಕ್ಕಿ ಅರಳುವುದು ಕಾದ ಉಸುಕಿನಲ್ಲಿ. ದಿನಾ ಕಾದು ಕಾದು ಉಸುಕು ಕರ್ರಗಾಗಿ, ಹಿಟ್ಟಿನಷ್ಟು ನುಣ್ಣಗಾದ ಮೇಲೆ ಅದನ್ನು ಹಿಂದಕ್ಕೆ ಸುರಿಯುತ್ತಾರೆ. ಕೇಳುವವರಿಲ್ಲ. ಅಂಜಿನಕ್ಕ ಒಂದು ಬುಟ್ಟಿ ಹೊತ್ತು ತಂದಳು. ಬೆಂಕಿಯಲ್ಲಿ ಸುಟ್ಟು ಬಂದದ್ದು, ಇದಕ್ಕಿಂತ ಚೊಕ್ಕ ಯಾವುದಿದ್ದೀತು ಅಂದುಕೊಂಡಳು.

ಬೇಸಿಗೆ ಕಳೆದು, ಆಷಾಢದ ಗಾಳಿ ಎದ್ದು, ಮೋಡ ಮುಚ್ಚಿದ ದಿನಗಳಲ್ಲಿ ಬಸಲಿಂಗಮ್ಮನವರು ಬಾಗಿಲಿಗೆ ಬಂದು ನಿಂತರು. ಸೆರಗು ಮೂಗಿನ ಮೇಲಿತ್ತು.

"ಅಂಜಿನಿ, ಒಳಗ ಅದಿಯೇನ?"

"ಬರ್ರಿ ಅಕ್ಕಾರ, ಕುಂದರ್ರಿ."

"ಕುಂದರೂದು ಎಲ್ಲಿ ಬಂತು. ನಿಂದರಾಕ ಆಗವಲ್ದು. ನಿನ್ನ ಬೆಕ್ಕಿನ ಉಚ್ಚಿ ವಾಸನಿ ನನ್ನ ನಡುಮನಿತನಕ ಬಂದೈತಿ. ದೇವರ ಮುಂದ ಊದಿನಕಡ್ಡಿ ಹಚ್ಚಿದ್ರ ದೇವರು ಕೇಳ್ತಾನ, ಬಸಲಿಂಗಿ, ನನ್ನನ್ನ ಎಲ್ಲಿ ತಂದು ಕೂರಿಸೀದಿ ಅಂತ."

ಅಂಜಿನಕ್ಕ ಬಾಂಡ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ತಂದಳು. "ನೋಡ್ರಿ ಬೇಕಾದ್ರ. ಒಂದು ಹನಿ ಇಲ್ಲ. ಮುಂಜಾನಿ ಮುಂಜಾನಿ ತಗೀತೀನಿ. ಈಗೀಗ ತಗಿಯಾಕೂ ಏನಿರೂದಿಲ್ಲ, ಅಷ್ಟು ಚೊಕ್ಕ ಅದಾಳ ಇಕಿ."

"ಬಾಂಡ್ಲಿ ಚೊಕ್ಕ ಐತಿ, ಒಪ್ಪಿಗೊಂಡೆ. ಹಂಗಾರ ನನ್ನ ಮೂಗು ಸುಳ್ಳು ಹೇಳ್ತೈತೇನು?"

"ಹಿತ್ತಲ ಮೋರಿ ಇರಬೇಕ್ರಿ."

"ಮೋರಿಯಂತ ಮೋರಿ. ಐವತ್ತು ವರ್ಷದಿಂದ ಮೋರಿ ವಾಸನಿ ನೋಡೀನಿ, ಅದರ ಜಾತಿ ಬ್ಯಾರೆ." ಬಸಲಿಂಗಮ್ಮನವರ ದನಿ ತಗ್ಗಿತು. "ಕೇಳಿಲ್ಲಿ. ಕೊಟ್ರಮ್ಮ ಪಂಚಮಿಗೆ ಬರ್ತಾಳ. ಚೊಚ್ಚಲ ಐತಿ, ಹಡಿಯೂತನಕ ಇಲ್ಲೇ ಇರ್ತಾಳ. ಬಾಣಂತನ ಈ ಗ್ವಾಡಿ ಆಚೀಕಡಿ ಕ್ವಾಣ್ಯಾಗ. ಹಸಗೂಸಿಗೆ ಹಾಲಿನ ಸಂಗಾಟ ಈ ವಾಸನಿ ಕುಡಿಸಲೇನು? ನಮ್ಮ ಎಣ್ಣಿ ಗಾಡಿ ಹರಪನಹಳ್ಳಿಗೆ ಹೋಗ್ತೈತಿ. ಬೆಕ್ಕನ್ನ ಚೀಲದಾಗ ಹಾಕಿ ಕೊಡು, ದಾರ್ಯಾಗ ಎಲ್ಲೆರ ಹಳ್ಳದ ಆಚಿ ಬಿಡ್ತಾರ. ನಾಕು ಮನಿ ಇದ್ದಲ್ಲೇ ಬಿಡ್ರಿ ಅಂತ ನಾನ ಹೇಳ್ತೀನಿ. ನಾನೇನು ಕಟುಕಳಲ್ಲ."

ಕುಂಟುವ ಬೆಕ್ಕು ಹಳ್ಳದಾಚೆ ನಾಯಿಗಳ ನಡುವೆ ನಿಂತದ್ದು ಅಂಜಿನಕ್ಕನ ಕಣ್ಣಿಗೆ ಕಟ್ಟಿತು. ಅದಕ್ಕಿಂತ ಹೆಚ್ಚಾಗಿ, ಭಟ್ಟಿಯಿಂದ ಬಂದು ಬೀಗ ತೆಗೆದರೆ ಒಳಗೆ ಏನೂ ಅಲುಗದ ಕೋಣೆ ಕಣ್ಣಿಗೆ ಕಟ್ಟಿತು.

"ಅಕ್ಕಾರ, ಪಂಚಮಿತನಕ ಬಿಡ್ರಿ. ಅಷ್ಟರೊಳಗ ಈ ಕ್ವಾಣ್ಯಾಗ ಹನಿ ವಾಸನಿ ಇಲ್ಲದಂಗ ಮಾಡಿಕೊಡ್ತೀನಿ. ಆಗಲಿಲ್ಲಂದ್ರ ನಾನ ಕೈಯಾರ ಚೀಲದಾಗ ಹಾಕಿ ಗಾಡಿಗೆ ಇಡ್ತೀನಿ. ಇದು ಮಾತು."

"ಮಾತು ಅಂದ್ರ ಮಾತು," ಅಂದರು ಬಸಲಿಂಗಮ್ಮನವರು. ಸೆರಗು ಮೂಗಿನಿಂದ ಇಳಿಯಲೇ ಇಲ್ಲ.

ಅಲ್ಲಿಂದ ಶುರುವಾಯಿತು ಅಂಜಿನಕ್ಕನ ಒದ್ದಾಟ. ಬಾಂಡ್ಲಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಇದ್ದ ಉಸುಕೆಲ್ಲ ತಿಪ್ಪೆಗೆ ಚೆಲ್ಲಿ, ಭಟ್ಟಿಯಿಂದ ಹೊಸದು ತಂದಳು. ಎರಡು ದಿನಕ್ಕೊಮ್ಮೆ ಅದನ್ನೂ ಚೆಲ್ಲಿ ಮತ್ತೆ ತಂದಳು. ಮಂಗಳವಾರ ಶುಕ್ರವಾರ ಮಾತ್ರ ಸಗಣಿ ಸಾರಿಸುತ್ತಿದ್ದವಳು ಈಗ ದಿನ ಬಿಟ್ಟು ದಿನ ಸಾರಿಸಿದಳು. ಗುಡಾಣದ ಹಿಂದಿನ ಸಂದಿಗೂ ಕೈ ತೂರಿಸಿ ಸಾರಿಸಿದಳು. ಅಲ್ಲಿ ನೆಲ ಯಾವಾಗಲೂ ಹಸಿಯಾಗಿರುತ್ತಿತ್ತು. ಮೋಡದ ದಿನ, ಆರಿಲ್ಲ ಅಂದುಕೊಂಡು ಮೇಲೊಂದು ಪದರ ಬಳಿದಳು. ಸಂಜೆ ಲೋಬಾನದ ಹೊಗೆ ಹಾಕಿದಳು.

ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಯರ್ರೆಪ್ಪ ಬುಟ್ಟಿ ನೋಡಿ ಕೇಳಿದ: "ಏನಕ್ಕ, ದಿನಾ ಉಸುಕು ಹೊರ್ತಿ. ಮನಿ ಕಟ್ಟಸ್ತೀಯೇನು?"

"ಬೂದೆವ್ವಗ ಪಾಯಿಖಾನಿ ಕಟ್ಟಸ್ತೀನಪ್ಪ."

"ನೋಡು ಹಣೆಬರ. ನಾವು ಇನ್ನೂ ಚೊಂಬು ಹಿಡಕೊಂಡು ಹಳ್ಳಕ್ಕ ಹೋಗ್ತೀವಿ, ನಿನ್ನ ಬೆಕ್ಕಿಗೆ ಪಾಯಿಖಾನಿ. ಮುಂದಿನ ಜನ್ಮದಾಗ ನಿನ್ನ ಮನ್ಯಾಗ ಬೆಕ್ಕಾಗಿ ಹುಟ್ಟತೀನಿ ತಗಿ."

"ನೀನು ಹುಟ್ಟಿದ್ರ ಬಾಂಡ್ಲಿ ಸಾಲಾಂಗಿಲ್ಲ," ಅಂದಳು ಅಂಜಿನಕ್ಕ. ಜರಡಿ ಹಿಡಿಯುವ ಹೆಂಗಸರೆಲ್ಲ ನಕ್ಕರು. ಭಟ್ಟಿಯಲ್ಲಿ ಹೊಟ್ಟಿನ ಹೊಗೆ ಎಷ್ಟಿರುತ್ತಿತ್ತೆಂದರೆ ನಕ್ಕವರ ಮುಖ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಅವಳು ಮತ್ತೆ ಉರಿಯ ಬಾಯಿಗೆ ಬಗ್ಗಿ ಭತ್ತದ ಹೊಟ್ಟು ಎರಚಿದಳು.

ಮನೆಗೆ ಬಂದು ನೋಡಿದರೆ ಬಾಂಡ್ಲಿ ಬೆಳಿಗ್ಗೆ ಇಟ್ಟ ಹಾಗೇ ಇರುತ್ತಿತ್ತು. ಉಸುಕಿನ ಮೇಲೆ ಅವಳ ಬೆರಳಿನ ಗೆರೆ ಕೂಡ ಅಳಿಸಿರುತ್ತಿರಲಿಲ್ಲ. ಬೂದೆವ್ವ ನೀರಿನ ಪರಟೆಯ ಮುಂದೆ ಕೂತು ಕರುವಿನ ಹಾಗೆ ನೀರು ಕುಡಿದಿರುತ್ತಿತ್ತು. ಆಮೇಲೆ ಪಾದ ನೆಕ್ಕುತ್ತ ಕೂರುತ್ತಿತ್ತು.

"ನಾನು ಮಾತು ಕೊಟ್ಟಿದ್ದು ನಿನಗ ತಿಳದೈತಿ ಅಲ್ಲೇನು?" ಅಂದಳು ಅಂಜಿನಕ್ಕ ಒಂದು ಸಂಜೆ ಅದನ್ನು ತೊಡೆಗೆ ಎಳೆದುಕೊಂಡು. "ಅದಕ್ಕ ಬಿಗಿಹಿಡದು ಕುಂತೀದಿ. ಜಾಣಿ. ಈ ಮನ್ಯಾಗ ನನ್ನ ಕಷ್ಟ ತಿಳದಾಕಿ ನೀನೊಬ್ಬಾಕಿ."

ಬೆಕ್ಕು ಕಣ್ಣು ಮುಚ್ಚಿತು. ಅವಳಿಗೆ ಅದು ಹೂಂ ಅಂದಂತೆ ಕಾಣಿಸಿತು. ಇಷ್ಟು ಅರ್ಥ ಮಾಡಿಕೊಳ್ಳುವ ಜೀವ ಒಂದು ಜೊತೆಗಿರುವಾಗ ಪಂಚಮಿ ಬಂದರೆ ಬರಲಿ ಅನ್ನಿಸಿತು.

ಪಂಚಮಿ ಬಂತು. ಆ ದಿನ ಭಟ್ಟಿಗೆ ರಜೆ. ನಾಗಪ್ಪನ ಹಬ್ಬದ ದಿನ ಹುರಿಯುವುದು, ಕರಿಯುವುದು ಏನೂ ಇಲ್ಲ. ಅಂಜಿನಕ್ಕ ತಲೆಗೆ ನೀರು ಹಾಕಿಕೊಂಡು, ಹುತ್ತಕ್ಕೆ ಹಾಲೆರೆದು ಬಂದು, ಕಡುಬಿಗೆಂದು ಕಡಲೆಬೇಳೆ ಸ್ಟವ್ ಮೇಲಿಟ್ಟಿದ್ದಳು. ಒಬ್ಬಳಿಗೆ ಎಷ್ಟು ಬೇಕು. ಆದರೂ ಹಬ್ಬ ಅಂದರೆ ಹಬ್ಬ. ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ಬಸಲಿಂಗಮ್ಮನವರ ಮಗಳು ಕೊಟ್ರಮ್ಮ, ತುಂಬಿದ ಹೊಟ್ಟೆಯ ಮೇಲೆ ತಟ್ಟೆ ಆನಿಸಿಕೊಂಡು, ಎಳ್ಳುಂಡಿ ತಂಬಿಟ್ಟು ತಂದಿದ್ದಳು. ಹಿಂದೆ ಬಸಲಿಂಗಮ್ಮನವರು.

"ಅಂಜಿನಕ್ಕ, ಆರಾಮ ಅದಿಯೇ—" ಅಂದವಳು ಅಷ್ಟಕ್ಕೇ ನಿಲ್ಲಿಸಿ, ತಟ್ಟೆಯನ್ನು ತಾಯಿಯ ಕೈಗೆ ಕೊಟ್ಟು, ಮೂಗು ಬಾಯಿ ಎರಡೂ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಬಂಡೆಗಲ್ಲಿನ ಮೇಲೆ ವಾಂತಿ ಮಾಡಿಕೊಂಡ ಸದ್ದು ಒಳಗೆ ಕೇಳಿಸಿತು.

ಬಸಲಿಂಗಮ್ಮನವರು ಬೈಯಲಿಲ್ಲ. ಅದೇ ಕಷ್ಟವಾಯಿತು. "ಗಾಡಿ ನಾಳಿ ಹೊಂಡತೈತಿ, ಅಂಜಿನಿ," ಅಂದರು.

"ಬಾಂಡ್ಲಿ ನೋಡ್ರಿ ಅಕ್ಕಾರ."

"ಬಾಂಡ್ಲಿ ಒಯ್ದು ಬೆಂಕಿಗೆ ಹಾಕು. ಹುಡುಗಿ ಕರುಳು ಕಿತ್ತು ಬರೂಹಂಗ ವಾಂತಿ ಮಾಡ್ಯಾಳ, ಬಾಂಡ್ಲಿ ನೋಡಬೇಕಂತ."

"ಉಸುಕು ನಿನ್ನೆ ತಂದಿದ್ದು. ನೆಲ ನಿನ್ನೆ ಸಾರಿಸಿದ್ದು. ಲೋಬಾನ ಹಾಕೀನಿ. ಇನ್ನೇನು ಮಾಡ್ಲಿ, ನೀವ ಹೇಳ್ರಿ. ನನಗಂತೂ ಏನೂ ವಾಸನಿ ಬರವಲ್ದು. ನಿಮಗ ನನ್ನ ಬೆಕ್ಕು ಬ್ಯಾಡಾಗೈತಿ, ಅದಕ್ಕ ವಾಸನಿ ನೆವ."

ಮಾತು ದಾರಿ ತಪ್ಪಿತು ಅಂತ ಅವಳಿಗೇ ಗೊತ್ತಾಯಿತು. ಬಸಲಿಂಗಮ್ಮನವರ ಮುಖ ಕೆಂಪಾಯಿತು. ಉತ್ತರ ಬರುವಷ್ಟರಲ್ಲಿ ಕೊಟ್ರಮ್ಮ ಬಾಯಿ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಅಂಜಿನಕ್ಕ, ಬ್ಯಾಳಿ ಸೀಯ್ತೈತಿ, ನೋಡು ಮೊದಲು," ಅಂದಳು.

ಅಂಜಿನಕ್ಕ ತಿರುಗಿದಳು. ಸ್ಟವ್ ಅವಳ ಬೆನ್ನಿಗೆ ಒಂದು ಮೊಳ ದೂರದಲ್ಲಿತ್ತು. ಪಾತ್ರೆಯ ನೀರು ಯಾವಾಗಲೋ ಇಂಗಿ, ಬೇಳೆ ತಳ ಹಿಡಿದು ಕಪ್ಪಾಗಿ, ಮುಚ್ಚಳದ ಸಂದಿಯಿಂದ ಹೊಗೆ ಬರುತ್ತಿತ್ತು. ಅವಳು ಬರಿಗೈಯಲ್ಲೇ ಪಾತ್ರೆ ಇಳಿಸಿದಳು. ಇಳಿಸಿ, ಅದರ ಮೇಲೆ ಮುಖ ಬಗ್ಗಿಸಿ, ಉಸಿರು ಎಳೆದಳು. ಇನ್ನೊಮ್ಮೆ ಎಳೆದಳು. ಬಿಸಿ ತಾಗಿತು. ಬೇರೇನೂ ಇಲ್ಲ.

"ನಿನಗ ಗೊತ್ತಾಗಲಿಲ್ಲೇನು?" ಅಂದರು ಬಸಲಿಂಗಮ್ಮನವರು.

"ಇಲ್ಲ."

"ಇಷ್ಟು ಸೀದೈತಿ. ಬೀದಿಗೆ ಬಂದೈತಿ ವಾಸನಿ."

ಅಂಜಿನಕ್ಕ ಲೋಬಾನದ ಡಬ್ಬಿ ತೆರೆದು ಮೂಸಿದಳು. ಸೀಮೆಎಣ್ಣೆಯ ಬಾಟಲಿಯ ಬಿರಡೆ ತೆಗೆದು ಮೂಸಿದಳು. ಕೊಟ್ರಮ್ಮ ತಂದ ತಂಬಿಟ್ಟು ಮೂಸಿದಳು.

"ಯಾವಾಗಿಂದ ಹಿಂಗ?" ಕೇಳಿದರು ಬಸಲಿಂಗಮ್ಮನವರು. ದನಿ ಬೇರೆಯಾಗಿತ್ತು.

"ತಿಳೀದ್ರಿ ಅಕ್ಕಾರ." ನಿಜವಾಗಿಯೂ ತಿಳಿಯದು. ಭಟ್ಟಿಯ ಹೊಗೆ ಮೂಗನ್ನು ಯಾವ ವರ್ಷ, ಯಾವ ತಿಂಗಳು ತಿಂದಿತೋ. ಕಣ್ಣು ಹೋದರೆ ಎಡವಿ ಗೊತ್ತಾಗುತ್ತದೆ. ಕಿವಿ ಹೋದರೆ ಕರೆದವರು ಬೈದು ಗೊತ್ತಾಗುತ್ತದೆ. ಮೂಗು ಹೋದದ್ದು ಗೊತ್ತಾಗಬೇಕಾದರೆ ಮನೆಯಲ್ಲಿ ಇನ್ನೊಬ್ಬರಿರಬೇಕು. ಸಾರು ಹಳಸಿದೆ ಅನ್ನಲು, ಹೂವು ಎಷ್ಟು ಘಮ ಅನ್ನಲು, ಏನೋ ಸೀಯುತ್ತಿದೆ ಎದ್ದು ನೋಡು ಅನ್ನಲು ಯಾರಾದರೂ ಇರಬೇಕು. ಬೂದೆವ್ವ ಅದೇನನ್ನೂ ಹೇಳುವುದಿಲ್ಲ.

ಆಮೇಲೆ ಕೊಟ್ರಮ್ಮ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಬಂದಳು. "ತಡಿ ಯವ್ವ. ನನಗ ಈಗ ನಾಯಿ ಮೂಗು ಬಂದೈತಿ. ನಮ್ಮತ್ತಿ ಒಗ್ಗರಣಿ ಹಾಕಿದ್ರ ಮೂರು ಮನಿ ಆಚಿಂದ ಸಾಸಿವಿ ಎಷ್ಟು ಅಂತ ಹೇಳ್ತೀನಿ. ಇದು ಎಲ್ಲಿಂದ ಬರ್ತೈತಿ ನೋಡೂಣು."

"ಲೇ, ಮತ್ತ ವಾಂತಿ ಮಾಡ್ತಿ."

"ಹೊಟ್ಟ್ಯಾಗ ಇದ್ದಿದ್ದು ಹೋತು. ಇನ್ನೇನು ಮಾಡ್ತೀನಿ."

ಅವಳು ಮೊದಲು ಬಾಂಡ್ಲಿಯ ಹತ್ತಿರ ಬಗ್ಗಿದಳು. ಮೂಸಿ ತಲೆಯಾಡಿಸಿದಳು. "ಇದರಾಗ ಬೆಕ್ಕಿಂದು ಏನೂ ಇಲ್ಲ. ಬೆಕ್ಕು ಇದರಾಗ ಕಾಲ ಇಟ್ಟಿಲ್ಲ." ಆಮೇಲೆ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಗೋಡೆಯ ಬುಡ ಹಿಡಿದು ನಡೆದಳು. ಬಾಗಿಲ ಹಿಂದೆ ಇಲ್ಲ ಅಂದಳು. ತಣ್ಣಗಿದ್ದ ಒಲೆಯ ಹತ್ತಿರ ಇಲ್ಲ ಅಂದಳು. ಜೋಳದ ಗುಡಾಣದ ಹತ್ತಿರ ಬರುತ್ತಲೇ ಸೆರಗು ಮುಖಕ್ಕೆ ಒತ್ತಿ, ಬೆರಳು ತೋರಿಸಿ, ಬಾಗಿಲಿಗೆ ಓಡಿದಳು.

ಅಂಜಿನಕ್ಕ, ಬಸಲಿಂಗಮ್ಮನವರು ಸೇರಿ ಗುಡಾಣ ಉರುಳಿಸಿ ಸರಿಸಿದರು. ಹಿಂದಿನ ಮೂಲೆಯಲ್ಲಿ ಸಗಣಿಯ ಪದರದ ಮೇಲೆ ಸಗಣಿ, ಅದರ ಮೇಲೆ ಸಗಣಿ, ರೊಟ್ಟಿ ಪೇರಿಸಿಟ್ಟ ಹಾಗೆ ದಪ್ಪಗಾಗಿತ್ತು. ಅದರ ತುಂಬ ಉಗುರಿನ ಗೆರೆ. ಅಂಜಿನಕ್ಕ ಬೆರಳಿನಿಂದ ಒಂದು ಪದರ ಎಬ್ಬಿಸಿದಳು. ಅಡಿಯ ಮಣ್ಣು ಕೆಸರಾಗಿತ್ತು. ಬಸಲಿಂಗಮ್ಮನವರು ಕೆಮ್ಮುತ್ತ ಹೊರಗೆ ಹೋದರು.

ಅಂಜಿನಕ್ಕ ಮಾತ್ರ ಅಲ್ಲೇ ಕೂತಳು. ಅವಳಿಗೆ ಅದು ಬರೀ ಒದ್ದೆ ಮಣ್ಣು. ಚೊಕ್ಕ ಬಾಂಡ್ಲಿ ಹಿಡಿದುಕೊಂಡು ಊರಿಗೆಲ್ಲ ತೋರಿಸಿದ್ದಳು. ಬಾಂಡ್ಲಿ ಚೊಕ್ಕ ಇದ್ದದ್ದೇ ತಪ್ಪಾಗಿತ್ತು. ಬೆಕ್ಕು ಬೇರೆ ಜಾಗ ಹುಡುಕಿಕೊಂಡಿತ್ತು. ಅವಳು ಅದರ ಮೇಲೆ ದಿನ ಬಿಟ್ಟು ದಿನ ಸಾರಿಸಿ, ವಾಸನೆಯನ್ನು ಒಳಗೇ ಕಟ್ಟಿ ಸಾಕಿದ್ದಳು. ನನ್ನ ಕಷ್ಟ ತಿಳಿದು ಬಿಗಿಹಿಡಿದು ಕೂತಿದೆ ಅಂದುಕೊಂಡಿದ್ದು ನೆನಪಾಗಿ, ನಗು ಬರಬೇಕಿತ್ತು, ಬರಲಿಲ್ಲ.

"ಇಷ್ಟು ವರ್ಷ ಬಿಡದಾಕಿ ಈಗ್ಯಾಕ ಬಿಟ್ಟಳು ಬಾಂಡ್ಲಿ?" ಅಂದಳು, ಯಾರಿಗೂ ಅಲ್ಲ.

ಹೊರಗೆ ನಿಂತ ಕೊಟ್ರಮ್ಮನ ಕಣ್ಣು ಹೊಸ್ತಿಲ ಪಕ್ಕದ ಬುಟ್ಟಿಯ ಮೇಲಿತ್ತು. ನಿನ್ನೆ ಭಟ್ಟಿಯಿಂದ ತಂದು ಇನ್ನೂ ಬಳಸದ ಕರೀ ಉಸುಕು. ಬಸುರಿಯರ ನಾಲಿಗೆ ಯಾವುದಕ್ಕೆ ಎಳೆಯುತ್ತದೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ತಾಯಿ ಆಚೆ ತಿರುಗಿದ್ದೇ ತಡ, ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡಳು.

"ಏನ ತಿಂದಿ? ಬಾಯಿ ತಗಿ," ಅಂದರು ಬಸಲಿಂಗಮ್ಮನವರು.

"ಏನೂ ಇಲ್ಲ."

"ಬಾಯಿ ತಗಿ ಅಂದೆ. ಅಯ್ಯ, ಬೆಕ್ಕಿನ ಉಸುಕು ತಿಂದಾಳ ನೋಡು. ಹುಟ್ಟೂ ಕೂಸು ಮ್ಯಾಂವ್ ಅನ್ನಬೇಕಂತ ಮಾಡೀಯೇನು?"

"ಇನ್ನೂ ಬೆಕ್ಕು ಮುಟ್ಟಿಲ್ಲ ಬಿಡು ಇದನ್ನ." ಕೊಟ್ರಮ್ಮ ಚಪ್ಪರಿಸಿದಳು. "ಅಂಜಿನಕ್ಕ, ಈ ಉಸುಕು ಉಪ್ಪ ಐತಿ. ಉಪ್ಪಂದ್ರ ಉಪ್ಪು."

ಅಂಜಿನಕ್ಕ ಎದ್ದು ಬಂದು, ತಾನೂ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದಳು. ಮೂಗು ಹೋಗಿದ್ದರೂ ನಾಲಿಗೆ ಇತ್ತು. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಕಲಸಿಯೇ ಉಸುಕಿಗೆ ಹಾಕುವುದು. ಇಲ್ಲದಿದ್ದರೆ ಮಂಡಕ್ಕಿ ಸಪ್ಪೆ. ದಿನಾ ಕಣ್ಣೆದುರು ಕಲಸುತ್ತಿದ್ದರು. ಆ ಉಪ್ಪೆಲ್ಲ ಉಸುಕಿಗೆ ಕೂತು, ಬೇಸಿಗೆಯಲ್ಲಿ ಒಣಗಿ ಸುಮ್ಮನಿದ್ದದ್ದು ಆಷಾಢದ ತಂಪಿಗೆ ಬೆವರತೊಡಗಿತ್ತು. ಬೂದೆವ್ವನ ಪಾದದ ಬಿರುಕಿಗೆ ಅದು ಎಷ್ಟು ಉರಿದಿರಬೇಕು. ಪಾದ ನೆಕ್ಕಿದಷ್ಟೂ ಬಾಯಾರಿಕೆ. ನೀರು ಕುಡಿದಷ್ಟೂ ಮೂಲೆಗೆ ಓಡಾಟ. ಅವಳು ಬೆಕ್ಕನ್ನು ಎತ್ತಿಕೊಂಡು ಆ ಪಾದ ತಿರುಗಿಸಿ ನೋಡಿದಳು. ಬಿರುಕು ಕೆಂಪಗಿತ್ತು.

"ಗುದ್ದಲಿ ಕೊಡ್ರಿ ಅಕ್ಕಾರ. ಈಗಿಂದೀಗ ಅಗದು ತಗೀತೀನಿ. ಹೊತ್ತು ಮುಣುಗೂತನಕ ಪಂಚಮಿ ಮುಗಿಯಾಂಗಿಲ್ಲ, ನನ್ನ ಮಾತು ಉಳೀತೈತಿ."

ಬಸಲಿಂಗಮ್ಮನವರು ಕೆನ್ನೆಗೆ ಕೈ ಇಟ್ಟರು. "ನಿನಗ ಮೂಗಷ್ಟ ಹೋಗೈತೋ ತಲೀನೂ ಹೋಗೈತೋ? ನಾಗಪ್ಪನ ದಿನ ಯಾರರ ನೆಲಕ್ಕ ಗುದ್ದಲಿ ಹಾಕ್ತಾರೇನು? ಅದೂ ಬಸುರಿ ಇರೂ ಮನ್ಯಾಗ. ಈ ಮನಿ ಮಣ್ಣಿಗೆ ಇವತ್ತು ಒಂದು ಸೂಜಿ ಚುಚ್ಚಾಕ ಬಿಡಾಂಗಿಲ್ಲ ನಾನು."

"ಹಂಗಾರ ನಾಳಿ ಗಾಡಿ?"

ಗಡುವು ಕೊಟ್ಟವರೂ ಬಸಲಿಂಗಮ್ಮನವರೇ, ಹಬ್ಬವೆಂದು ತಡೆದವರೂ ಅವರೇ. ಮಗಳು ನೆಲ ನೋಡುತ್ತ ನಗು ತಡೆದುಕೊಂಡಿದ್ದಳು.

"ಗಾಡಿ ಇನ್ನೊಂದು ಸಲ ಹೋಗ್ತೈತಿ," ಅಂದರು ಬಸಲಿಂಗಮ್ಮನವರು. "ನಾಳಿ ಹೊತ್ತು ಮೂಡಲಿ, ಅಗದು ತಗಿ. ಆದ್ರ ಈ ಹುಡುಗಿ ಮೂಗು ಸೈ ಅನ್ನಬೇಕು. ನಿನ್ನ ಮೂಗಿನ ಸಾಕ್ಷಿ ನಡಿಯಾಂಗಿಲ್ಲ."

ಮರುದಿನ ಅಂಜಿನಕ್ಕ ಭಟ್ಟಿಗೆ ಹೋಗಲಿಲ್ಲ. ಬೂದೆವ್ವನನ್ನು ಪಾದಕ್ಕೆ ಬೆಣ್ಣೆ ಹಚ್ಚಿ ಬುಟ್ಟಿಯಡಿ ಮುಚ್ಚಿಟ್ಟು, ಗುದ್ದಲಿ ಹಿಡಿದಳು. ಮೊದಲು ಸಗಣಿಯ ಪದರ ಎದ್ದಿತು. ಅದರಡಿ ಕರೀ ಮಣ್ಣು. ಮೊಣಕೈಯಷ್ಟು ಆಳಕ್ಕೆ ಹೋದ ಮೇಲೂ ಮಣ್ಣು ಕೈಗೆ ಅಂಟುತ್ತಿತ್ತು. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಅವಳಿಗೆ ತಿಳಿಯುವಂತಿರಲಿಲ್ಲ. ಒಂದೊಂದು ಹೆಂಟೆ ಎತ್ತಿ ಹೊಸ್ತಿಲ ಹೊರಗೆ ಹಿಡಿಯುವಳು. ಹಿತ್ತಲ ಕಟ್ಟೆಯ ಮೇಲೆ ಕೂತ ಕೊಟ್ರಮ್ಮ ದೂರದಿಂದಲೇ ಮೂಗು ಕಿವುಚಿ, "ಇನ್ನೂ ಐತಿ," ಅನ್ನುವಳು. ಅಂಜಿನಕ್ಕ ಮತ್ತೆ ಅಗೆಯುವಳು. ಗೋಡೆಯ ಬುಡವನ್ನೂ ಒಂದು ಬೆರಳು ಕೆತ್ತಿದಳು. ತಲೆಯ ಮೇಲೆ ಬುಟ್ಟಿ ಹೊತ್ತು ತಿಪ್ಪೆಗೆ ಓಡಾಡಿ ಓಡಾಡಿ ಕುತ್ತಿಗೆ ಸೋತ ಹೊತ್ತಿಗೆ ಕೊಟ್ರಮ್ಮ ಒಂದು ಹೆಂಟೆಯನ್ನು ಕೈಗೇ ಇಸಿದುಕೊಂಡು ಮೂಸಿ, "ಇದು ಮಣ್ಣು," ಅಂದಳು.

ಗುಂಡಿಯಲ್ಲಿ ಹೊಟ್ಟಿನ ಬೆಂಕಿ ಹಾಕಿ ಸಂಜೆವರೆಗೆ ಒಣಗಿಸಿದ್ದಾಯಿತು. ಅದು ಒಣಗುವಷ್ಟರಲ್ಲಿ ಊರಾಚೆಯ ದಿಬ್ಬದಿಂದ ಕೆಮ್ಮಣ್ಣು, ಹಳ್ಳದಿಂದ ಉಸುಕು ಹೊತ್ತು ತಂದಳು. ಉಸುಕನ್ನು ಬಾವಿಯ ನೀರಲ್ಲಿ ತೊಳೆದು, ಬಂಡೆಗಲ್ಲಿನ ಮೇಲೆ ಹರವಿ, ಮೋಡ ಸರಿದಾಗಲೆಲ್ಲ ಕೈಯಾಡಿಸಿದಳು. ಕೆಮ್ಮಣ್ಣು ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಚಿಮುಕಿಸಿ, ಒನಕೆಯಿಂದ ಬಡಿದಳು. ಆ ಬಡಿತ ಬೆಳಕಿಂಡಿಯ ಆಚೆಗೂ ಕೇಳುತ್ತಿತ್ತು. ಆಚೆಯಿಂದ ಬಸಲಿಂಗಮ್ಮನವರು, "ಗ್ವಾಡಿ ಬಿದ್ದೀತು, ಹಗೂರಕ ಬಡಿಯವ್ವ," ಅನ್ನುವರು. ಅವಳು ಹಗುರಾಗಿ ಬಡಿಯುವಳು. ನೆಲ ಕಲ್ಲಿನಂತೆ ಗಟ್ಟಿಯಾದ ಮೇಲೆ ಒಂದೇ ಒಂದು ತೆಳು ಸಾರಣೆ ಮಾಡಿ, ಆರುವತನಕ ಗುಡಾಣವನ್ನು ಆ ಮೂಲೆಗೆ ತರಲಿಲ್ಲ. ಬಾಂಡ್ಲಿಗೆ ಹಳ್ಳದ ಉಸುಕು ತುಂಬಿ ಹಳೆಯ ಜಾಗದಲ್ಲಿಟ್ಟು, ಬೂದೆವ್ವನನ್ನು ಬಿಟ್ಟಳು. ಅದು ಒಂದು ಪಾದ ಇಟ್ಟು, ತೆಗೆದು, ಹೋಗಿ ಒಲೆಯ ಮೇಲೆ ಮಲಗಿತು.

ಅಂಜಿನಕ್ಕ ಆ ದಿನ ಅದಕ್ಕೆ ಕಥೆ ಹೇಳಲಿಲ್ಲ. ನೀನು ತಿಳಿದುಕೊಂಡಿದ್ದೀಯಲ್ಲ ಅಂತ ಕೇಳಲೂ ಇಲ್ಲ. ಬೆಕ್ಕಿಗೆ ಬೆಕ್ಕಿನ ಕಷ್ಟವಿತ್ತು. ಅದನ್ನು ಅವಳೂ ತಿಳಿದಿರಲಿಲ್ಲ. ಇಬ್ಬರೂ ಒಂದೇ ಕೋಣೆಯ ಎರಡು ಕಡೆ ಮಲಗಿದರು.

ಬೆಳಿಗ್ಗೆ ಬಾಂಡ್ಲಿ ಹೊಲಸಾಗಿತ್ತು. ಉಸುಕು ಒಂದು ಕಡೆ ದಿಬ್ಬವಾಗಿ, ಅಂಚಿನಿಂದ ನೆಲಕ್ಕೆ ಚೆಲ್ಲಿ, ನಡುವೆ ಒದ್ದೆಯಾಗಿ ಗಟ್ಟಿ ಕಟ್ಟಿದ ಒಂದು ಉಂಡೆ. ಅಂಜಿನಕ್ಕ ಅದನ್ನು ನೋಡುತ್ತ ಕುಕ್ಕುರುಗಾಲಲ್ಲಿ ಕೂತಳು. ಆಮೇಲೆ ಎದ್ದು ಮುಂಬಾಗಿಲಿಗೆ ಹೋಗಿ ಕರೆದಳು.

ಕೊಟ್ರಮ್ಮ ತಲೆ ಬಾಚುತ್ತಿದ್ದವಳು ಹಾಗೇ ಬಂದಳು. ಗುಡಾಣ ಇಲ್ಲದ ಮೂಲೆಯಲ್ಲಿ, ಗೋಡೆ ಹಿಡಿದು, ಕಷ್ಟಪಟ್ಟು ಕೂತು, ಮೂಗು ನೆಲಕ್ಕೆ ತಂದು ಉಸಿರೆಳೆದಳು. ಎಳೆದು, ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದಳು. ಗೋಡೆಯ ಆಚೆ, ಕತ್ತಲೆ ಕೋಣೆಯಲ್ಲಿ, ಬಸಲಿಂಗಮ್ಮನವರು ಮಣೆಯ ಮೇಲೆ ಹತ್ತಿ ಬೆಳಕಿಂಡಿಗೆ ಮುಖ ಕೊಟ್ಟಿದ್ದು ಅವರ ಏದುಸಿರಿನಿಂದ ತಿಳಿಯುತ್ತಿತ್ತು.

"ಏನೂ ಇಲ್ಲ ಯವ್ವ," ಅಂದಳು ಕೊಟ್ರಮ್ಮ.

"ನನಗೂ ಬರವಲ್ದು," ಅಂದಿತು ಬೆಳಕಿಂಡಿ. ಸ್ವಲ್ಪ ತಡೆದು, "ಇರಲಿ ಬಿಡು ಅದು. ಮುದುಕಿ ಆಗೂತನಕ ಇರಲಿ."

"ಹ್ಯಾಂಗೈತಿ ನೆಲದ ವಾಸನಿ?" ಕೇಳಿದಳು ಅಂಜಿನಕ್ಕ.

ಕೊಟ್ರಮ್ಮ ಯೋಚಿಸಿದಳು. "ಹೊಸ ಮಡಕ್ಯಾಗಿನ ನೀರು ಕುಡಿದಂಗ."

ಅಂಜಿನಕ್ಕ ಅವಳ ಪಕ್ಕ ಕೂತು ತಾನೂ ಬಗ್ಗಿದಳು. ಮೂಗಿನ ಹೊಳ್ಳೆಯಲ್ಲಿ ತಂಪು ಹೋಗಿ ಬಂತು. ಅಷ್ಟೇ. ಹೊಸ ಮಡಕೆಯ ನೀರು ಹೇಗಿರುತ್ತಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದಳು. ತಂಬ್ರಹಳ್ಳಿಯ ಪಡಸಾಲೆ ನೆನಪಾಯಿತು, ಮಡಕೆ ನೆನಪಾಯಿತು, ನೀರು ಬರಲಿಲ್ಲ.

"ಮಂಗಳವಾರಕ್ಕೊಮ್ಮೆ ಬಂದು ಮೂಸಿ ಹೇಳ್ತಿಯೇನವ್ವ?"

"ಹಡಿಯೂತನಕ ನಾನು ಹೇಳ್ತೀನಿ. ಗಂಡನ ಮನಿಗೆ ಹೋದಮ್ಯಾಗ ನಮ್ಮವ್ವನ್ನ ಕರಿ."

"ನನ್ನ ಮೂಗೇನು ಬಾಡಿಗಿಗೆ ಐತೇನು?" ಅಂದಿತು ಬೆಳಕಿಂಡಿ. ಆದರೆ ಇಲ್ಲ ಅನ್ನಲಿಲ್ಲ.

ಕೊಟ್ರಮ್ಮನನ್ನು ಕೈಹಿಡಿದು ಎಬ್ಬಿಸಿ ಕಳಿಸಿ, ಅಂಜಿನಕ್ಕ ತೆಂಗಿನ ಚಿಪ್ಪು ತೆಗೆದುಕೊಂಡಳು. ಒದ್ದೆ ಉಂಡೆಯನ್ನು ಒಡೆಯದ ಹಾಗೆ ಅಡಿಯಿಂದ ಎತ್ತಿ, ಅದರ ಜಾಗಕ್ಕೆ ಒಣ ಉಸುಕು ಸರಿಸಿ, ಚೆಲ್ಲಿದ್ದನ್ನು ಗುಡಿಸಿ, ತಿಪ್ಪೆಯ ಕಡೆ ನಡೆದಳು. ದಾರಿಯಲ್ಲಿ ಒಮ್ಮೆ ಚಿಪ್ಪನ್ನು ಮುಖದ ಹತ್ತಿರ ತಂದು ನೋಡಿದಳು. ಏನೂ ಬರಲಿಲ್ಲ. ತಿಪ್ಪೆಗೆ ಹಾಕಿ, ಮೇಲೆ ಕಾಲಿನಿಂದ ಒಂದಿಷ್ಟು ಮಣ್ಣು ದಬ್ಬಿದಳು.